ಫೋರ್ತ್‌ವಿತ್ ಎಂಬ ಪದ ಮೊಳಕಾಲ್ಮುರಿಗೆ ಬಂದದ್ದು

ಮೈಸೂರಿನ ಗೆಳೆಯರೇ, ನಾನು ಇಲ್ಲಿ ಬಾಡಿಗೆಗೆ ಹಿಡಿದ ಮನೆಯ ನಡುವೆಯೇ ಒಂದು ಗುಂಡಿ. ಯಜಮಾನರು ಅದರೊಳಗೆ ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಸದ್ದಿಗೆ ಮೊದಮೊದಲು ತಲೆ ಚಿಟ್ಟು ಹಿಡಿಯಿತು. ನಿಮ್ಮಲ್ಲಿ ರೇಷ್ಮೆ ಉಡುತ್ತಾರೆ. ಇಲ್ಲಿ ಅದನ್ನು ನೇಯುವವರು ಒರಟು ಹತ್ತಿ ಉಟ್ಟು ಜೋಳದ ರೊಟ್ಟಿ ತಿನ್ನುತ್ತಾರೆ. ಅನ್ನಕ್ಕೆ ಹಾತೊರೆಯುತ್ತಿದ್ದ ನನಗೂ ರೊಟ್ಟಿ ಒಗ್ಗಿತು. ಯಜಮಾನರಾದ ಓಬಳಪ್ಪನವರ ಮನೆಮಾತು ತೆಲುಗು. ನನ್ನನ್ನು ‘ನಾಯನಾ’ ಎನ್ನುತ್ತಿದ್ದರು. ಮಗನನ್ನು ಮುದ್ದಿನಿಂದ ಕರೆಯುವ ಮಾತು. ಗುರುತಿಲ್ಲದ ಊರಲ್ಲಿ ಆ ಒಂದು ಮಾತಿಗೇ ನಾನು ಸೋತೆ.

ನನ್ನ ಕೆಲಸ ತಾಲ್ಲೂಕು ಕಚೇರಿಯ ಇಂಗ್ಲಿಷ್ ಆಜ್ಞೆಗಳನ್ನು ಕನ್ನಡಕ್ಕೆ ತಿರುಗಿಸುವುದು. ಚಳ್ಳಕೆರೆಯ ಕಡೆಯಿಂದ ಪ್ಲೇಗು ಹಬ್ಬಿದಾಗ, ಮನೆ ಬಿಡಿಸುವ ಆಜ್ಞೆಯಲ್ಲಿ ಒಂದು ಹಳೆಯ ಪದವಿತ್ತು: ಫೋರ್ತ್‌ವಿತ್. ‘ಫೋರ್ತ್’ ಎಂದರೆ ಮುಂದಕ್ಕೆ, ‘ವಿತ್’ ಎಂದರೆ ಜೊತೆಗೆ. ‘ಜೊತೆಯಲ್ಲೇ’ ಎಂಬ ಅರ್ಥ ಸವೆದು ‘ತಕ್ಷಣ’ ಎಂದಾಯಿತಂತೆ. ನಮ್ಮ ‘ಒಡನೆ’ಯೂ ಇದೇ ದಾರಿ ನಡೆದ ಮಾತಲ್ಲವೇ ಎಂದು ಹಿಗ್ಗಿ ‘ಒಡನೆ ಮನೆ ಬಿಡತಕ್ಕದ್ದು’ ಎಂದು ಬರೆದೆ. ಇಂಗ್ಲಿಷರು ಮನೆಯಲ್ಲಿ ಈ ಪದ ಆಡುವುದಿಲ್ಲ. ಕೋರ್ಟು, ಕಚೇರಿ, ದಂಡಿನಲ್ಲಿ ಮೇಲಿನವರು ಕೆಳಗಿನವರಿಗೆ ಆಡುತ್ತಾರೆ. ನಾನು ಊರಿಗೆ ಬರಲು ರಜೆ ಕೇಳಿದಾಗ ಯಾರೂ ಫೋರ್ತ್‌ವಿತ್ ಎನ್ನಲಿಲ್ಲ.

ಓಬಳಪ್ಪನವರು ಕದಲಲಿಲ್ಲ. ಇಲ್ಲಿ ಸೀರೆ ಮುಗಿದರೂ ಮಗ್ಗ ಬರಿದು ಮಾಡುವುದಿಲ್ಲ. ಉಳಿದ ತುದಿಯ ಒಂದೊಂದು ಎಳೆಗೂ ಹೊಸ ಎಳೆ ಹೊಸೆಯುತ್ತಾರೆ.

“ನಮ್ಮಪ್ಪ ಹೊಸೆದ ಎಳೀಗೇ ಹೊಸ್ಕೊಂಡು ಬಂದೀನಿ ನಾಯನಾ. ಮಗ್ಗದಾಗೆ ಅರ್ಧ ಸೀರೆ ಐತೆ. ಅದನ್ನ ಇಳಿಸಿ, ಮುಂದೆ ಹೊಸೆಯಾಕೆ ತುದಿ ಬಿಚ್ಕೊಂಡು ಬರ್ತೀನಿ. ಒಂದೆಲ್ಡು ದಿನ ಕೊಡ್ಸು.”

ಅಮಲ್ದಾರರನ್ನು ಬೇಡಿದೆ. ಒಡನೆ ಎಂದು ಬರೆದವನು ನೀನೇ ಅಲ್ಲವೇ ಎಂದರು. ಬಡವನ ಕೋಪ ದವಡೆಗೆ ಮೂಲ ಎಂದುಕೊಂಡು ಹಿಂದಿರುಗಿದೆ. ಪೊಲೀಸರು ಮುದುಕನನ್ನು ಊರಾಚೆಯ ಗುಡಿಸಲಿಗೆ ಎಳೆದೊಯ್ದರು. ಮನೆಯೊಳಗೆಲ್ಲ ಔಷಧಿ ನೀರು ಎರಚಿದರು. ಮಗ್ಗದ ಎಳೆಗಳೆಲ್ಲ ಕೆಟ್ಟು, ಮುಟ್ಟಿದರೆ ಪುಡಿಯಾಗುವಂತಾದವು. ಪ್ಲೇಗು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಹೋಗಲು ಒಂದು ದಿನ ಕೊಡದವರು, ಮರಳಿ ಬರುವ ಅಪ್ಪಣೆಗೆ ತಿಂಗಳುಗಟ್ಟಲೆ ಕಾಯಿಸಿದರು. ಅದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಈಗ ಮಗ್ಗಕ್ಕೆ ಹೊಸ ಎಳೆ ಬಂದಿದೆ. ಅಪ್ಪನ ಕಾಲದ್ದು ಅಲ್ಲಿಗೆ ಮುಗಿಯಿತು. ನಾನು ಅದೇ ಮನೆಯಲ್ಲಿದ್ದೇನೆ. ಕಳೆದ ಸಲ ಮೈಸೂರಿಗೆ ಬಂದಾಗ ನನ್ನ ಮಾತಲ್ಲಿ ತೆಲುಗು ನುಸುಳಿತೆಂದು ನೀವು ನಕ್ಕು, ಇವನು ಆ ಕಡೆಯವನಾದ ಎಂದಿರಿ. ಈ ಕಡೆ ನಾನು ಹೊಸ್ತಿಲು ದಾಟಿದರೆ ಓಬಳಪ್ಪನವರು ನೇಯ್ಗೆ ನಿಲ್ಲಿಸಿ, ಹೆಗಲ ವಲ್ಲಿ ತೆಗೆದು, ಕಚೇರಿಯವರ ಮುಂದೆ ನಿಲ್ಲುವಂತೆ ಎದ್ದು ನಿಂತು, “ಬರ್ರಿ ಸ್ವಾಮಿ” ಎನ್ನುತ್ತಾರೆ.