ಮುಚ್ಚಿದ ಖಣಿಯ ತೆರಿಗೆ

ಸೇಡಂ ರಸ್ತೆಯ ವಿದೇಶಿ ಸಿಮೆಂಟ್ ಕಂಪನಿಯಲ್ಲಿ ನನ್ನದು ತೆರಿಗೆ ಲೆಕ್ಕದ ಕೆಲಸ. ಕಲ್ಲು ತೆಗೆದ ಖಣಿಯನ್ನು ಮುಂದೆ ಮುಚ್ಚಲು ಬೇಕಾಗುವ ಖರ್ಚನ್ನು ಕಂಪನಿ ಮೊದಲೇ ಲೆಕ್ಕಕ್ಕೆ ಹಿಡಿಯುತ್ತದೆ. ತೆರಿಗೆ ಇಲಾಖೆ ಮಾತ್ರ ಖಣಿಯನ್ನು ನಿಜವಾಗಿ ಮುಚ್ಚಿದಾಗಲೇ ಆ ಖರ್ಚನ್ನು ಒಪ್ಪುತ್ತದೆ. ಆಗ ಕಡಿಮೆಯಾಗುವ ತೆರಿಗೆಯನ್ನು ನಾನು ಈಗಲೇ ಕಂಪನಿಯ ಆಸ್ತಿ ಎಂದು ತೋರಿಸಿದ್ದೆ.

ವಿದೇಶದ ಮುಖ್ಯ ಕಚೇರಿಯ ಸಾಹೇಬರು ವಿಡಿಯೋ ಕರೆಯಲ್ಲಿ ನಕ್ಕುಬಿಟ್ಟರು. "ಖಣಿಯನ್ನು ಯಾರಾದರೂ ಮುಚ್ಚುತ್ತಾರೆಯೇ? ಈ ಆಸ್ತಿಯನ್ನು ತೆಗೆದುಹಾಕಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕರೆ ಕಟ್ ಮಾಡದೆ, ಮೊಬೈಲ್ ಹಿಡಿದುಕೊಂಡೇ ಜೀಪು ಹತ್ತಿ ಖಣಿಗೆ ಹೋದೆ. ಟಿಪ್ಪರುಗಳು ಮಣ್ಣು ಸುರಿಯುತ್ತಿದ್ದವು. ಆಗಲೇ ಮುಚ್ಚಿದ ಭಾಗದಲ್ಲಿ ನಮ್ಮವರು ಬಿತ್ತಿದ್ದ ತೊಗರಿ ಹಳದಿ ಹೂ ಬಿಟ್ಟಿತ್ತು. ಎಲ್ಲವನ್ನೂ ಸಾಹೇಬರಿಗೆ ತೋರಿಸಿದೆ.

"ಯಾರಿಗೆ ತೋರ್ಸಲಿಕತ್ತೀರಿ ಮೇಡಂ?" ಎಂದು ಟಿಪ್ಪರಿನ ಚಾಲಕ ಕೇಳಿದ.

"ಖಣಿ ಮುಚ್ಚಂಗಿಲ್ಲ ಅಂದವರಿಗೆ."

"ಹಂಗಾದ್ರ ಬಂದು ಇದರ ಮ್ಯಾಲ ನಿಂದ್ರಲಿಕ್ಕ ಹೇಳ್ರಿ."

ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಬರಲಿಲ್ಲ. ನಾನೇ ತೊಗರಿಯ ನಡುವೆ ಹೋಗಿ ನಿಂತೆ. ಆ ವರ್ಷದ ಲೆಕ್ಕದಲ್ಲಿ ನಾನು ತೋರಿಸಿದ್ದ ಆಸ್ತಿಯೂ ಅಲ್ಲಾಡದೆ ನಿಂತಿತು.