ಬೀಗ ಹಾಕಿದ ಮನೆಯಲ್ಲಿ ಯಾರೂ ಇಲ್ಲ

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಶಂಕರಘಟ್ಟದ ವಿಶ್ವವಿದ್ಯಾಲಯದ ಹಾಸ್ಟೆಲ್ ಬಿಟ್ಟು ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಬೆಂಕಿಗೆ ಸಂಬಂಧಿಸಿದ್ದು. ಎರಡು ಸಾವಿರದ ಇಸವಿಯ ಆಸುಪಾಸು. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಿಗೆ ಅಗ್ನಿಶಾಮಕ ಠಾಣೆಯವರು ಹೊಸ ಯೋಜನೆ ಮಾಡಬೇಕಿತ್ತು. ಎಲ್ಲಿ ಬೆಂಕಿ ಬೀಳಬಹುದು, ಅಲ್ಲಿ ಎಂಥ ಜನ ಇದ್ದಾರೆ, ಬಿದ್ದರೆ ಯಾರು ಓಡಿ ಹೊರಗೆ ಬರಬಲ್ಲರು, ಯಾರ ಕೈಲಿ ಆಗುವುದಿಲ್ಲ ಎಂದು ಮನೆಮನೆಗೆ ಹೋಗಿ ವಿಚಾರಿಸಲು ನನ್ನನ್ನೂ ನನ್ನ ಸಹಪಾಠಿಯೊಬ್ಬಳನ್ನೂ ತಾತ್ಕಾಲಿಕವಾಗಿ ತೆಗೆದುಕೊಂಡರು. ಅವಳ ಮನೆಯಲ್ಲಿ ದಖನಿ ಉರ್ದು ಮಾತು, ಅಣ್ಣಂದಿರದು ಗ್ಯಾರೇಜು. ನನಗಿಂತ ಧೈರ್ಯ ಜಾಸ್ತಿ, ಮೂಗಿನ ಶಕ್ತಿಯೂ ಜಾಸ್ತಿ ಎಂದು ಆಮೇಲೆ ಗೊತ್ತಾಯಿತು.

ಯೋಜನೆಯ ಯಜಮಾನಿಕೆ ಬೆಂಗಳೂರಿನಿಂದ ಬಂದ ಒಬ್ಬ ಸಲಹೆಗಾರನದು. ಜೀಪಿನಿಂದ ಇಳಿಯದೆ ಶಿವಮೊಗ್ಗದ ಇಡೀ ಗಾಂಧಿ ಬಜಾರನ್ನು ನೋಡಿ ಮುಗಿಸಿದ ಮನುಷ್ಯ. ಓಣಿಗಳಿಗೆ ಜೀಪು ಹೋಗುತ್ತಿರಲಿಲ್ಲವಾದ್ದರಿಂದ ಓಣಿಗಳನ್ನು ಅವನು ನೋಡಲೇ ಇಲ್ಲ. ಜೀಪು ಹೋಗದ ಕಡೆ ಬೆಂಕಿ ನಂದಿಸುವ ಲಾರಿ ಹೇಗೆ ಹೋದೀತು ಎಂಬ ಯೋಚನೆ ಆ ತಲೆಗೆ ಬಂದಂತಿರಲಿಲ್ಲ. ಮೊದಲ ದಿನವೇ ನಮ್ಮಿಬ್ಬರನ್ನು ಕೂರಿಸಿಕೊಂಡು ಪಾಠ ಹೇಳಿದ.

"ಅಪಾಯ ಅಂದ್ರೆ ವಸ್ತು ಕಣ್ರಮ್ಮಾ. ಪೆಟ್ರೋಲ್ ಬಂಕು, ಟಿಂಬರ್ ಡಿಪೋ, ಪಟಾಕಿ ಅಂಗಡಿ. ಜನ ಅನ್ನೋದು ಬರೀ ಸಂಖ್ಯೆ. ಎಷ್ಟು ತಲೆ ಅಂತ ಬರ್ಕೊಂಡ್ ಬನ್ನಿ, ಸಾಕು."

ನಾವು ತಲೆ ಎಣಿಸಲು ಹೊರಟೆವು. ಬಜಾರಿನ ಸಾಹುಕಾರನೊಬ್ಬ ಅಂಗಡಿಯ ಮೆಟ್ಟಿಲ ತುಂಬ ಬಟ್ಟೆಯ ಮೂಟೆ ಪೇರಿಸಿಟ್ಟಿದ್ದ. ಮಾಳಿಗೆಯಲ್ಲಿ ಹೊಲಿಗೆಯ ಹೆಂಗಸರು ಕೂತಿದ್ದರು. ಬೆಂಕಿ ಬಿದ್ದರೆ ಅವರು ಇಳಿಯುವುದು ಹೇಗೆ ಎಂದು ಕೇಳಿದೆ.

"ವರ್ಷಾ ವರ್ಷ ಗಣಹೋಮ ಮಾಡಿಸ್ತೀವಮ್ಮ. ನಮ್ಮಲ್ಲಿ ಬೆಂಕಿ ಬೀಳಲ್ಲ" ಎಂದ. ತಾನು ಹೇಳುತ್ತಿರುವುದನ್ನು ಅವನು ನಂಬಿದ್ದ ಎಂದೇನೂ ನನಗೆ ಅನಿಸಲಿಲ್ಲ. ಮೂಟೆ ಸರಿಸುವ ಸೋಮಾರಿತನಕ್ಕೆ ದೇವರನ್ನು ಅಡ್ಡ ತಂದಿದ್ದ, ಅಷ್ಟೆ.

ಹೊಸಮನೆ ಬಡಾವಣೆಗೆ ಹೋದದ್ದು ಒಂದು ಮಧ್ಯಾಹ್ನ. ಮುಂಬಾಗಿಲಿಗೆ ಬೀಗ ಹಾಕಿದ್ದ ಒಂದು ಒಳ್ಳೆಯ ಮನೆಯನ್ನು ದಾಟಿ ಮುಂದೆ ಹೊರಟಿದ್ದೆವು. ಗೆಳತಿ ನಿಂತುಬಿಟ್ಟಳು.

"ಬೀಗ ಹಾಕಿರೋ ಮನೇಲಿ ಒಗ್ಗರಣೆ ಯಾರು ಹಾಕ್ತಿದಾರೆ ಮಾರಾಯ್ತಿ?"

ಸಾಸಿವೆ, ಇಂಗಿನ ವಾಸನೆ ನನಗೂ ಬಂತು. ಪಕ್ಕದ ಸಂದಿಯಲ್ಲಿ ನುಗ್ಗಿ ಅಡುಗೆಮನೆಯ ಕಿಟಕಿಗೆ ಹೋದೆವು. ಸರಳುಗಳ ಆಚೆ ಸೌಟು ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತು ದಾಟಿರಬೇಕು. ನಮ್ಮನ್ನು ಕಂಡು ಬೆಚ್ಚಲಿಲ್ಲ.

"ಅಣ್ಣ ಆಫೀಸಿಗೆ, ಅತ್ತಿಗೆ ಪಾಠ ಮಾಡೋಕೆ ಸ್ಕೂಲಿಗೆ ಹೋಗಿದಾರೆ. ಸಂಜೆ ಬನ್ನಿ."

"ನೀವಿದ್ದೀರಲ್ಲ, ನಿಮ್ಮನ್ನೇ ಕೇಳ್ತೀವಿ" ಎಂದೆ.

"ನಾನು ಲೆಕ್ಕಕ್ಕೆ ಬರ್ತೀನಾ?" ಎಂದಳು. ಕೊಂಕಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ಒಲೆ ಆರಿಸಿ ಬಂದು ಕಿಟಕಿಯಲ್ಲಿ ನಿಂತು ಎಲ್ಲ ಹೇಳಿದಳು. ಗಂಡ ಬಿಟ್ಟ ಮೇಲೆ ಅಣ್ಣ ಕರೆದುಕೊಂಡು ಬಂದ. ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಇವಳದೇ. ಒಂದು ಸಲ ಹಳೆಯ ಸ್ನೇಹಿತೆಯನ್ನು ನೋಡಲು ಯಾರಿಗೂ ಹೇಳದೆ ಆಯನೂರು ಬಸ್ಸು ಹತ್ತಿ ಹೋಗಿಬಂದಳು. ಮಾರನೆಯ ದಿನದಿಂದ ಮುಂಬಾಗಿಲಿಗೆ ಹೊರಗಿನಿಂದ ಬೀಗ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಬೀಗ, ಅದರ ಬೀಗದ ಕೈ ಅತ್ತಿಗೆಯ ಬ್ಯಾಗಿನಲ್ಲಿ.

"ಬೆಂಕಿ ಬಿದ್ರೆ ಏನ್ಮಾಡ್ತೀರಿ?" ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಗೆಳತಿ ಅವಳನ್ನೂ ಕೇಳಿದಳು.

"ಸೆರಗನ್ನ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸ್ಕೊಂಡಿರ್ತೀನಿ. ನನ್ ಕೈಲಾಗೋದು ಅಷ್ಟೇ." ಆಮೇಲೆ ಕೇಳಿದಳು: "ಬೀಗ ನೋಡಿ ನಿಮ್ಮೋರು ವಾಪಸ್ ಹೋಗ್ಬಿಡ್ತಾರಾ?"

ನಮಗೆ ಗೊತ್ತಿರಲಿಲ್ಲ. ಠಾಣೆಗೆ ಹೋಗಿ ಅಲ್ಲಿನ ಅಧಿಕಾರಿಯನ್ನು ಕೇಳಿದೆವು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ಬೀಗ ಇದ್ರೆ ಒಳಗೆ ಯಾರೂ ಇಲ್ಲ ಅಂತ್ಲೇ ಹುಡುಗ್ರು ತಿಳ್ಕೊಳೋದು. ಪಕ್ಕದ ಮನೆ ಜನಾನ ಮೊದಲು ಎಳೀತೀವಿ. ಯಾರೋ ಇದಾರೆ ಅಂತ ಮೊದಲೇ ಗೊತ್ತಿದ್ರೆ ಬೇರೆ ಮಾತು."

ಸಂಜೆ ಆ ಮನೆಗೆ ಮತ್ತೆ ಹೋದೆವು. ಅಣ್ಣನಾದವನು ಯಾವುದೋ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ, ಬಡಾವಣೆಯ ಸಂಘಕ್ಕೆ ಅಧ್ಯಕ್ಷ ಬೇರೆ. ಪ್ರೀತಿಯಿಂದಲೇ ಒಳಗೆ ಕರೆದ. ಮನೆಯಲ್ಲಿ ಎಷ್ಟು ಜನ ಎಂದರೆ "ಇಬ್ರೇ, ನಾನು ನಮ್ಮ ಮಿಸೆಸ್ಸು" ಎಂದ. ಅಷ್ಟರಲ್ಲಿ ತಂಗಿ ಕಾಫಿಯ ತಟ್ಟೆ ಹಿಡಿದು ಬಂದಳು. ಗೆಳತಿ ಅವಳನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಓ, ಅದಾ?" ಎಂದ. "ಅದಕ್ಕೆ ತಲೆ ಸ್ವಲ್ಪ ಸರಿ ಇಲ್ಲ. ಬರ್ಕೋಬೇಡಿ."

'ಅದು' ನೆಲ ನೋಡುತ್ತ ಲೋಟ ಇಟ್ಟು ಒಳಗೆ ಹೋಯಿತು. ತಲೆ ಸರಿಯಿಲ್ಲದವಳು ಮಾಡಿದ ಕಾಫಿಯನ್ನು ಆ ಮನುಷ್ಯ ಕೊನೆಯ ಗುಟುಕಿನವರೆಗೂ ಚಪ್ಪರಿಸಿದ. ದನಕ್ಕೆ ಕೂಡ ಕೊಟ್ಟಿಗೆಗೆ ಬೆಂಕಿ ಬಿದ್ದರೆ ಹಗ್ಗ ಬಿಚ್ಚುವವರು ಇರುತ್ತಾರೆ ಎಂದು ನನಗೆ ಅನಿಸಿತು. ಲೋಟ ಮುಟ್ಟದೆ ಎದ್ದೆವು.

ಸಲಹೆಗಾರನಿಗೆ ಹೇಳಿದರೆ ಅವನು ನಕ್ಕ. "ಬೀಗ ಹಾಕಿದ ಮನೆ ಅಂದ್ರೆ ಖಾಲಿ ಮನೆ. ಅದಕ್ಕೆ ಬೇರೆ ಕಾಲಂ ಮಾಡೋಕಾಗಲ್ಲ. ಅವರವರ ಮನೆ ವಿಷಯ ನಮಗ್ಯಾಕೆ?"

ಭದ್ರಾವತಿಗೆ ಹೋದಾಗ ನಾವು ಬೀಗ ಕಂಡ ಕಡೆಯೆಲ್ಲ ನಿಂತು ಕೂಗತೊಡಗಿದೆವು. ಕಾರ್ಖಾನೆಯ ಕ್ವಾರ್ಟರ್ಸಿನ ಸಾಲಿನಲ್ಲಿ ಒಂದು ಮನೆಯೊಳಗೆ ಯಾರೋ ಕೆಮ್ಮಿದರು. ಪಕ್ಕದ ಮನೆಯ ತಮಿಳು ಹೆಂಗಸು ಹೊರಬಂದು ತನ್ನ ಕನ್ನಡದಲ್ಲಿ ವಿವರಿಸಿದಳು: "ಅವ್ರ ಮಾವ ಇದಾರಮ್ಮಾ. ಕಿವಿ ಕೇಳಲ್ಲ, ರೈಲ್ವೆ ಲೈನ್ ಮೇಲೆ ನಡ್ಕೊಂಡ್ ಹೋಗ್ಬಿಡ್ತಾರೆ. ಅವ್ರು ಶಿಫ್ಟ್‌ಗೆ ಹೋದ್ರೆ ಬೀಗದ್ ಕೈ ನನ್ನತ್ರಾನೇ ಇರುತ್ತೆ. ನೋಡ್ತೀರಾ?" ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಶಿಫ್ಟು ಮುಗಿಸಿ ಬಂದ ಅಳಿಯ ಎಣ್ಣೆ ಮೆತ್ತಿದ ಕೈಯಲ್ಲೇ ಮಾವನ ವಿಷಯ ಎಲ್ಲ ಬರೆಸಿದ. ಬೀಗ ಅಲ್ಲಿಯೂ ಇತ್ತು. ಆದರೆ ಮನುಷ್ಯ ಇದ್ದಾನೆ ಎಂದು ಹೇಳಲು ಆ ಮನೆಯವರಿಗೆ ನಾಚಿಕೆ ಇರಲಿಲ್ಲ. ಹಾಗೆ ಹೇಳದ ಮನೆಗಳೂ ಸಿಕ್ಕವು, ಎರಡೂ ಊರಿನಲ್ಲಿ. ಗೋಡೆಗೆ ಬಣ್ಣ ಚೆನ್ನಾಗಿದ್ದಷ್ಟೂ ಸುಳ್ಳು ಸಲೀಸಾಗಿ ಬರುತ್ತಿತ್ತು.

ಕೆಲಸ ಮುಗಿದ ಮೇಲೆ ಅಗ್ನಿಶಾಮಕ ಯೋಜನೆಯ ಸಮಿತಿಯ ಸಭೆ ನಡೆಯಿತು. ಕೇಸರಿಬಾತು, ಗೋಡಂಬಿ ಬಿಸ್ಕತ್ತು, ಗೋಡೆಯ ಮೇಲೆ ಬಣ್ಣ ಬಳಿದ ನಕ್ಷೆ. ನಾಗರಿಕರ ಪ್ರತಿನಿಧಿಯ ಕುರ್ಚಿಯಲ್ಲಿ ಯಾರು ಕೂತಿದ್ದರು ಎಂದು ನೋಡಿದರೆ ಹೊಸಮನೆಯ ಅದೇ ಅಣ್ಣ. ಪ್ರತಿಯೊಂದು ಜೀವವೂ ಅಮೂಲ್ಯ ಎಂದು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹಗಲು ಹೊತ್ತು ಜನರನ್ನು ಒಳಗಿಟ್ಟು ಬೀಗ ಹಾಕುವ ಮನೆಗಳಿವೆ, ಅವು ನಕ್ಷೆಯಲ್ಲಿ ಇಲ್ಲ, ಅವನ್ನು ಠಾಣೆಗೆ ತಿಳಿಸಲೇಬೇಕು ಎಂದೆ.

"ಅಂಥ ಮನೆ ಯಾವುದಿದೆ ನಮ್ಮೂರಲ್ಲಿ?" ಎಂದು ಅಧ್ಯಕ್ಷತೆ ವಹಿಸಿದ್ದವರು ಕೇಳಿದರು.

"ಸರ್‌ ಅವರ ಮನೇನೇ ಇದೆ" ಎಂದು ಗೆಳತಿ ಅವನನ್ನು ತೋರಿಸಿದಳು. "ಇವರ ತಂಗಿ ಒಳಗಿರ್ತಾರೆ. ನಾವು ಮಾತಾಡ್ಸಿದೀವಿ."

ಎಲ್ಲರೂ ಅವನ ಕಡೆ ತಿರುಗಿದರು. ಅವನು ಕೆಂಪಾಗಲೂ ಇಲ್ಲ, ತಡವರಿಸಲೂ ಇಲ್ಲ. "ಸಂಬಳ ಕೊಟ್ಟು ಇವರನ್ನ ಇಟ್ಕೊಂಡಿರೋದು ಮರ್ಯಾದಸ್ಥರ ಮನೆ ಕಿಟಕಿ ಇಣುಕೋಕಾ?" ಎಂದ. ನಮಗೆ ಅಷ್ಟು ನೇರವಾಗಿ ಮಾತಾಡಿದ್ದ ಠಾಣೆಯ ಅಧಿಕಾರಿ ಈಗ ಬಿಸ್ಕತ್ತಿನ ತಟ್ಟೆ ನೋಡುತ್ತ ಕೂತರು. ಬೆಂಕಿಗೆ ನುಗ್ಗುವ ಮನುಷ್ಯ ಒಂದು ಕುರ್ಚಿಗೆ ಹೆದರಿದ್ದನ್ನು ಅಂದು ಕಂಡೆ. ಸಲಹೆಗಾರ ನಮ್ಮ ಪರವಾಗಿ ಕ್ಷಮೆ ಕೇಳಿದ, ನಾವು ಕೇಳದಿದ್ದರೂ. ನಾಳೆಯಿಂದ ಬರಬೇಡಿ ಎಂದೂ ಹೇಳಿದ.

ಮಾರನೆಯ ದಿನ ಗೆಳತಿ ನಮ್ಮ ಮನೆಗೆ ಬಂದಳು. ಅವಳ ಕೈಯಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಬಸ್ ಸ್ಟ್ಯಾಂಡ್ ಹತ್ತಿರ ಬೀಗ ರಿಪೇರಿ ಮಾಡುವ ಅವಳ ಮಾಮನದು.

"ಕೆಲಸ ಹೋಯ್ತಲ್ಲ, ಇನ್ನು ನಮ್ಮನ್ನ ಕೇಳೋರು ಯಾರು? ನಡಿ" ಎಂದಳು.

ಹೊಸಮನೆಯ ಆ ಅಡುಗೆಮನೆಯ ಕಿಟಕಿಯಲ್ಲಿ ಅವಳಿಗೆ ವಿಷಯ ಹೇಳಿದೆವು. ಹೊರಗೆ ಬರಬೇಕು ಎಂದು ನಾವು ಹೇಳಲಿಲ್ಲ. ಬೇಕಾದರೆ ಬರುವ ಹಾಗಿರಲಿ ಎಂದೆವು. ಅವಳು ತುಂಬ ಹೊತ್ತು ಗೊಂಚಲನ್ನೇ ನೋಡಿದಳು. ಆಮೇಲೆ ಸರಳಿನ ನಡುವೆ ಕೈ ಚಾಚಿ ತೆಗೆದುಕೊಂಡಳು. ಹಿತ್ತಿಲಿಗೆ ಸುತ್ತಿ ಬಂದು ನಿಂತೆವು. ಬಾಗಿಲ ಆಚೆ ಒಂದಾದ ಮೇಲೊಂದು ಬೀಗದ ಕೈ ತಿರುಗಿಸುವ ಸದ್ದು. ಒಮ್ಮೆ ನಿಂತುಹೋಯಿತು. ಅಳುತ್ತಿದ್ದಾಳೆಯೇ ಎಂದುಕೊಂಡೆ.

"ಇರಿ, ಕೈ ಬೆವರ್ತಿದೆ" ಎಂದಳು ಒಳಗಿನಿಂದ.

ಕಡೆಗೆ ಬಾಗಿಲು ತೆರೆಯಿತು. ಬರಿಗಾಲಲ್ಲಿ ಮೆಟ್ಟಿಲಿಳಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಬಿಸಿಲಿಗೆ ಕಣ್ಣು ಕಿರಿದಾಗಿಸಿ ನಮ್ಮಿಬ್ಬರನ್ನೂ ಸರಿಯಾಗಿ ನೋಡಿದಳು. "ಕಿಟಕಿಯಿಂದ ನೀವು ಇಷ್ಟು ಕುಳ್ಳ ಅನ್ನಿಸ್ತಿರ್ಲಿಲ್ಲ" ಎಂದು ನನಗೆ ಹೇಳಿ ನಕ್ಕಳು. ಆಮೇಲೆ ಸಾರು ಉಕ್ಕುತ್ತದೆ ಎಂದು ಒಳಗೆ ಹೋಗಿ ತಾನೇ ಬೀಗ ಹಾಕಿಕೊಂಡಳು, ಆ ಒಂದು ಬೀಗದ ಕೈ ಇಟ್ಟುಕೊಂಡು.

ಕೆಲವು ತಿಂಗಳು ಹಾಗೇ ನಡೆಯಿತು. ಮಧ್ಯಾಹ್ನ ಹೊರಗೆ ಬಂದು ಅಣ್ಣ ಬರುವ ಮೊದಲು ಒಳಗೆ ಸೇರುತ್ತಿದ್ದಳು. ಬೀದಿಯವರು ನೋಡಿಯೂ ಸುಮ್ಮನಿದ್ದರು. ಬೀಗ ಹಾಕಿದಾಗಲೂ ಸುಮ್ಮನಿದ್ದವರೇ ತಾನೆ. ಶಂಕರಘಟ್ಟದಲ್ಲಿ ಹುಡುಗಿಯರ ಮೆಸ್ಸಿಗೆ ಅಡುಗೆಯವರು ಬೇಕೆಂದು ನನಗೆ ಗೊತ್ತಾದಾಗ ಅವಳಿಗೆ ಹೇಳಿದೆ. ಒಂದು ದಿನ ಅನ್ನ, ಸಾರು, ಪಲ್ಯ ಎಲ್ಲ ಮಾಡಿ ಮುಚ್ಚಿಟ್ಟು, ಒಂದು ಚೀಲ ಹಿಡಿದು ಬಸ್ಸು ಹತ್ತಿದಳು.

ಅಣ್ಣ ನಮ್ಮ ಮನೆಗೆ ಬಂದ. ತಂಗಿ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಒಂದು ಮಾತು ಕೇಳಲಿಲ್ಲ. "ನಮ್ಮ ಮಿಸೆಸ್ಸು ಬೆಳಗ್ಗೆ ಎದ್ದು ಡಬ್ಬಿ ಕಟ್ಕೊಂಡ್ ಸ್ಕೂಲಿಗೆ ಹೋಗೋ ಹಾಗಾಗಿದೆ. ಇದಕ್ಕೆ ಯಾರು ಜವಾಬ್ದಾರಿ?" ಎಂದು ಕೂಗಾಡಿದ. ನಮ್ಮಮ್ಮ ಬಾಗಿಲಲ್ಲೇ ನಿಂತು, "ಅಕ್ಕಿ ತೊಳೆಯೋದು ಹೇಗೆ ಅಂತ ಬೇಕಾದ್ರೆ ನಾನೇ ಹೇಳ್ಕೊಡ್ತೀನಿ, ಬನ್ನಿ" ಎಂದರು. ಅವನು ಹೋದ.

ಯೋಜನೆಯ ವರದಿ ದಪ್ಪ ರಟ್ಟಿನಲ್ಲಿ ಅಚ್ಚಾಯಿತು. ಠಾಣೆಗೆ ಹೊಸ ಲಾರಿಯೂ ಬಂತು, ಅದರ ಮುಂದೆ ತೆಂಗಿನಕಾಯಿ ಒಡೆದು ಫೋಟೋ ತೆಗೆಸಿಕೊಂಡವರ ಸಾಲಿನಲ್ಲಿ ಆ ಅಣ್ಣನೂ ಇದ್ದ. ಅವತ್ತಿನ ಪೇಪರನ್ನು ನಾನು ಶಂಕರಘಟ್ಟಕ್ಕೆ ಒಯ್ದು ಅವಳಿಗೆ ತೋರಿಸಿದೆ. ಮೆಸ್ಸಿನ ಹಿಂದೆ ತರಕಾರಿಯವನ ಹತ್ತಿರ ಬದನೆಕಾಯಿಗೆ ಜಗಳ ಆಡುತ್ತಿದ್ದವಳು ಫೋಟೋವನ್ನು ಒಂದು ಕ್ಷಣ ನೋಡಿದಳು.

"ದಪ್ಪ ಆಗಿದಾನೆ" ಎಂದಳು. ಮತ್ತೆ ತರಕಾರಿಯವನ ಕಡೆ ತಿರುಗಿ ಹುಳುಕು ಬದನೆಕಾಯಿಗಳನ್ನು ಆರಿಸಿ ಆಚೆ ಹಾಕತೊಡಗಿದಳು.