ಲೀಟರಿಗೆ ನಾಲ್ಕು ಮುಚ್ಚಳ

ಕಳೆದ ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ನಮ್ಮ ಅಂಗಳದೊಳಕ್ಕೆ ನೀಲಿ ಹೊಗೆ ನುಗ್ಗಿತು. ಹೊಗೆಯ ಹಿಂದೆ ಪಟಪಟ ಸದ್ದು, ಸದ್ದಿನ ಮೇಲೆ ಸವಾರಿ ಮಾಡುತ್ತ ನನ್ನ ಅಕ್ಕನ ಮಗ ಮಹಾಂತೇಶ. ಬಾದಾಮಿಯ ಬ್ಯಾಂಕೊಂದರಲ್ಲಿ ಕೆಲಸ, ಮದುವೆಯಾಗಿ ಎರಡು ಮಕ್ಕಳು. ಅಂಥವನಿಗೆ ಈಗ ಹಳೆಯ ಟೂ ಸ್ಟ್ರೋಕ್ ಮೋಟಾರ್ ಸೈಕಲ್ಲಿನ ಹುಚ್ಚು. ಎಲ್ಲಿಂದಲೋ ಒಂದನ್ನು ಹುಡುಕಿ ಕೊಂಡು, ಬಣ್ಣ ಹೊಡೆಸಿ, ಬಾಗಲಕೋಟೆಯ ನಮ್ಮ ಮನೆಯ ತನಕ ಓಡಿಸಿಕೊಂಡು ಬಂದಿದ್ದ. ನನ್ನ ಹೆಂಡತಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ಪೆಟ್ರೋಲಿನ ಜೊತೆ ಎಣ್ಣೆ ಸುಟ್ಟ ಆ ವಾಸನೆ ನನ್ನ ವಯಸ್ಸಿನ ಎಷ್ಟೋ ಜನರಿಗೆ ಪ್ರಾಯದ ದಿನಗಳನ್ನು ನೆನಪಿಸುತ್ತದಂತೆ. ನನಗೆ ಮಾತ್ರ ಆ ವಾಸನೆ ಬಡಿದರೆ ತಲೆ ತಗ್ಗಿಸಬೇಕು ಅನ್ನಿಸುತ್ತದೆ.

"ಮಾಮಾ, ಇದಕ್ಕ ಆಯಿಲ್ ಎಷ್ಟ ಹಾಕಬೇಕು? ಒಬ್ಬೊಬ್ರು ಒಂದೊಂದ ಹೇಳ್ತಾರ" ಎಂದ ಮಹಾಂತೇಶ.

"ಲೀಟರಿಗೆ ನಾಕು ಮುಚ್ಚಳ" ಎಂದು ನನ್ನ ಬಾಯಿ ತಾನೇ ಹೇಳಿತು. ಯಾವ ಮುಚ್ಚಳ ಎಂದು ಕೇಳಿದ. ಕೆಮ್ಮಿನ ಔಷಧದ ಬಾಟಲಿಯ ಮೇಲಿರುವ ಅಳತೆಯ ಮುಚ್ಚಳ ಎಂದೆ. ಮಾವನ ಜ್ಞಾನಕ್ಕೆ ಅವನು ಬೆರಗಾದ. ಆಮೇಲೆ ಕೇಳಿದ: "ಇದನ್ನ ಬಲ್ಲಾಂವ ಛಲೋ ಮಿಸ್ತ್ರಿ ಯಾರರ ಅದಾನೇನು?" ನಾನು ಖಾಲಿ ಲೋಟ ಒಳಗಿಡಲು ಎದ್ದೆ. ತನ್ನ ಲೋಟ ತಾನೇ ಒಳಗಿಡುವ ಗಂಡಸು ನಾನಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೆಂಡತಿ ನನ್ನ ಮುಖ ನೋಡಿದಳು.

ನಿಮಗಾದರೂ ಹೇಳಿಬಿಡುತ್ತೇನೆ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಕಮತಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಶಿರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದವರೊಬ್ಬರಿಂದ ಒಂದು ಹಳೆಯ ಗಾಡಿ ಕೊಂಡೆ. ಮುಂದೊಂದು ಗಾಲಿ, ಹಿಂದೊಂದು ಗಾಲಿ ಇರುತ್ತದೆ ಎಂಬುದಕ್ಕಿಂತ ಹೆಚ್ಚಿನದೇನೂ ಅದರ ಬಗ್ಗೆ ನನಗೆ ತಿಳಿದಿರಲಿಲ್ಲ. ಮೊದಲ ದಿನ ಕಿಕ್ ಹೊಡೆದಾಗ ಅದು ತಿರುಗಿ ನನ್ನ ಕಾಲಿಗೇ ಹೊಡೆಯಿತು. ಪೆಟ್ರೋಲ್ ಬಂದ್ ಮಾಡುವ ಕೀಲಿ ಟ್ಯಾಂಕಿನ ಕೆಳಗೆ ಇರುತ್ತದೆ ಎಂದು ಯಾರೂ ಹೇಳದ್ದರಿಂದ ಎರಡನೆಯ ದಿನ ಎಂಜಿನ್ ಪೆಟ್ರೋಲಿನಲ್ಲಿ ತೊಯ್ದು ಕೂತಿತ್ತು. ಮೂರನೆಯ ದಿನ ಸಾಲೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಪ್ಲಗ್ಗಿನ ತುದಿಗೆ ಮಸಿ ಕಟ್ಟಿತ್ತು, ಅಷ್ಟೆ. ಆದರೆ ಪ್ಲಗ್ ಎಂಬುದು ಎಲ್ಲಿರುತ್ತದೆ ಎಂದು ನಾನು ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದ್ದನ್ನು ಇಡೀ ಸಾಲೆ ನೋಡಿತು.

ನನ್ನನ್ನು ಕಾಪಾಡಿದವನು ರಾಜೇಸಾಬ. ಹತ್ತು ವರ್ಷ ಬಾಗಲಕೋಟೆಯಲ್ಲಿ ಬೇರೆಯವರ ಕೈಕೆಳಗೆ ದುಡಿದು, ಆಗಷ್ಟೇ ಹುನಗುಂದದ ರಸ್ತೆಗೆ ತಗಡಿನ ಶೆಡ್ಡು ಹಾಕಿ ತನ್ನದೇ ಗ್ಯಾರೇಜ್ ತೆರೆದಿದ್ದ. ನನಗಿಂತ ಏಳೆಂಟು ವರ್ಷ ಚಿಕ್ಕವನು. ಮಾತು ಕಡಿಮೆ. ಗಾಡಿ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳುತ್ತ ನಿಲ್ಲುತ್ತಿದ್ದ. "ಇದು ಮಾತಾಡೂ ಗಾಡಿ ರೀ ಸರ. ಏನ್ ಬೇಕಂತ ತಾನಾ ಹೇಳತೈತಿ, ನಾವು ಕಿವಿ ಕೊಡಬೇಕಷ್ಟ" ಎನ್ನುತ್ತಿದ್ದ. ಪ್ಲಗ್ ಬಿಚ್ಚಿ ಪಾಲಿಶ್ ಕಾಗದದಿಂದ ತಿಕ್ಕುವುದು, ಸೈಲೆನ್ಸರಿನ ಒಳಕೊಳವೆಯನ್ನು ಹತ್ತಿ ಕಟ್ಟಿಗೆಯ ಬೆಂಕಿಯಲ್ಲಿ ಸುಟ್ಟು ಮಸಿ ಉದುರಿಸುವುದು, ಚಳಿಗೆ ಚೋಕ್ ಎಷ್ಟು ಎಳೆಯಬೇಕೆಂಬುದು, ಎಲ್ಲವನ್ನೂ ಅವನು ನನಗೆ ಕೈಹಿಡಿದು ಕಲಿಸಿದ. ಬಿ.ಎಸ್ಸಿ. ಓದಿದ ನಾನು ಏಳನೆಯ ತರಗತಿಗೆ ಸಾಲೆ ಬಿಟ್ಟವನ ಮುಂದೆ ತಲೆ ಆಡಿಸುತ್ತ ಕೂರುತ್ತಿದ್ದೆ. ಆ ದಿನಗಳು ಚೆನ್ನಾಗಿದ್ದವು.

ಎಂಜಿನ್ನಿನ ಬೋರ್, ಅಂದರೆ ಪಿಸ್ಟನ್ ಆಡುವ ಕೊಳವೆ, ಒಳಗೆ ಸವೆದು ಹೋಗಿದ್ದರಿಂದ ಅದನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿದ. ಹಾಕಿ ಮುಗಿಸಿ, ಕೆಮ್ಮಿನ ಔಷಧದ ಆ ಮುಚ್ಚಳವನ್ನು ನನ್ನ ಕೈಗೆ ಕೊಟ್ಟ. "ಹೊಸ ಬೋರ್ ಐತ್ರಿ ಸರ. ಪೆಟ್ರೋಲಿಗೆ ಲೀಟರಿಗೆ ನಾಕು ಮುಚ್ಚಳ ಆಯಿಲ್ ಹಾಕ್ರಿ. ಹೊಗಿ ಬರತೈತಿ, ಬರ್ಲಿ. ಹೊಗಿ ಬಂತಂದ್ರ ಗಾಡಿ ಹೊಟ್ಟಿ ತುಂಬ ಉಂಡೇತಿ ಅಂತ ತಿಳಕೋರಿ." ಆಮೇಲೆ ಹೇಳಿದ: "ನಿಮ್ಮ ಸಾಲ್ಯಾಗ ಒಂಬತ್ತ ಗಾಡಿ ಅದಾವು. ನಿಮ್ಮದು ಛಲೋ ಓಡೂದ ನೋಡಿ ಉಳಿದಾವ್ರು ಬಂದ್ರ ನನ್ನ ಗ್ಯಾರೇಜ್ ನಿಂದರತೈತ್ರಿ. ಇಲ್ಲಂದ್ರ ಮತ್ತ ಮಂದಿ ಕೈಯಾಗ ದುಡಿಯೂದಾ." ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ, "ನಾ ಇದ್ದೀನಲ್ಲಪಾ, ಚಿಂತಿ ಬಿಡು" ಎಂದೆ. ಎರಡು ತಿಂಗಳೊಳಗೆ ಐದು ಜನ ಮಾಸ್ತರರು ನನ್ನ ಮಾತು ಕೇಳಿ ಅವನ ಕಡೆ ಹೋಗತೊಡಗಿದರು.

ಕೆಟ್ಟದ್ದು ನನ್ನ ಬಿಳಿ ಅಂಗಿಯಿಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟರೆ ಬೇರೆ ತೊಡದ ಮನುಷ್ಯ ನಾನು, ಹೊಗೆ ಕಾರುತ್ತ ಸಾಲೆಯ ಅಂಗಳಕ್ಕೆ ಬರುವುದು ಎಷ್ಟು ಶೋಭೆ? ನಮ್ಮ ಡ್ರಿಲ್ ಮಾಸ್ತರ ಹಾದಿಮನಿ ದಿನಾ ಕಾಯ್ದು ನಿಂತಿರುತ್ತಿದ್ದರು. "ಬಂತ್ರೆಪಾ, ಸೊಳ್ಳಿ ಓಡಿಸೂ ಗಾಡಿ!" ಎಂದು ಕೂಗುತ್ತಿದ್ದರು. ಸಮಾಜ ವಿಜ್ಞಾನದ ಶಿಕ್ಷಕಿ, ನಾವೆಲ್ಲ ಬಾಯಾರು ಎಂದು ಕರೆಯುತ್ತಿದ್ದವರು, ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಒಳಗೊಳಗೆ ಸುಡುತ್ತಿತ್ತು. ಒಂದು ದಿನ ನಾಲ್ಕರ ಬದಲು ಮೂರು ಮುಚ್ಚಳ ಹಾಕಿದೆ. ಹೊಗೆ ತುಸು ತಗ್ಗಿತು. ಮುಂದಿನ ವಾರ ಎರಡು, ಆಮೇಲೆ ಒಂದು. ಗಾಡಿಗೆ ಏನೂ ಆಗಲಿಲ್ಲ. ಮಿಸ್ತ್ರಿಗಳು ಯಾವಾಗಲೂ ಹೆಚ್ಚಿಗೇ ಹೇಳುತ್ತಾರೆ ಎಂದುಕೊಂಡೆ. ಅದೇ ವಾರ ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡಿ, 'ಕೀಲೆಣ್ಣೆಯ ಉಪಯೋಗವೇನು?' ಎಂದು ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಅರ್ಧ ಉತ್ತರ ಬರೆದವರಿಗೆ ಒಂದು ಅಂಕ ಕಡಿದೆ.

ಚೊಳಚಗುಡ್ಡದಲ್ಲಿ ಸಹೋದ್ಯೋಗಿಯೊಬ್ಬರ ಹೊಸ ಮನೆಯ ಊಟವಿತ್ತು. ಹಾದಿಮನಿಯವರು ನನ್ನ ಹಿಂದೆ ಕೂತರು. ಹೊಗೆ ಇಲ್ಲದ್ದನ್ನು ಕಂಡು ದಾರಿಯುದ್ದಕ್ಕೂ ಹೊಗಳಿದರು. ಹೊಗಳಿಕೆಗೆ ನನ್ನ ಕೈ ಎಕ್ಸಲರೇಟರನ್ನು ಇನ್ನಷ್ಟು ತಿರುವಿತು. ಬಾದಾಮಿ ದಾಟಿ ಊರು ಇನ್ನೇನು ಬಂತು ಅನ್ನುವಾಗ ಎಂಜಿನ್ ಒಮ್ಮೆ ಕೀರಲು ದನಿ ತೆಗೆದು ಹಿಡಿದುಕೊಂಡಿತು. ಹಿಂದಿನ ಗಾಲಿ ತಿರುಗುವುದು ನಿಂತು, ಗಾಡಿ ಜಾರಿ, ಇಬ್ಬರೂ ಎರೆಮಣ್ಣಿನ ಮೇಲೆ ಬಿದ್ದೆವು. ಹಾದಿಮನಿಯವರ ಪ್ಯಾಂಟು ಮೊಣಕಾಲಲ್ಲಿ ಹರಿಯಿತು, ಬೇರೇನೂ ಆಗಲಿಲ್ಲ. ಬಿದ್ದಲ್ಲೇ ನನಗೆ ತಿಳಿದುಹೋಗಿತ್ತು. ಇದು ಆ ಒಂದೇ ಮುಚ್ಚಳದ ಕೆಲಸ ಎಂದು ಏಳುವ ಮೊದಲೇ ಗೊತ್ತಾಗಿತ್ತು.

ಮರುದಿನ ಗಾಡಿಯನ್ನು ಟೆಂಪೋದಲ್ಲಿ ಹೇರಿ ರಾಜೇಸಾಬನ ಶೆಡ್ಡಿಗೆ ತಂದೆವು. ಸಾಲೆ ಬಿಟ್ಟ ಮೇಲೆ ನಾಲ್ಕೈದು ಜನ ಮಾಸ್ತರರೂ ಬಂದು ನಿಂತರು. ಅವನು ಬೋರ್ ಬಿಚ್ಚಿದ. ಪಿಸ್ಟನ್ನಿನ ಮೈತುಂಬ ಉದ್ದುದ್ದ ಗೀರು. ಬೋರಿನ ಒಳಗೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಎಣ್ಣೆಯ ಪಸೆ ಇರಲಿಲ್ಲ.

"ಸರ, ಆಯಿಲ್ ಎಷ್ಟ ಹಾಕತಿದ್ರಿ?"

ಎಲ್ಲರೂ ನನ್ನನ್ನು ನೋಡಿದರು. ಹೇಳಿಬಿಡಬಹುದಿತ್ತು. ಎರಡು ನಿಮಿಷದ ನಗೆ, ನಾಲ್ಕು ದಿನದ ಗೇಲಿ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವಿಜ್ಞಾನದ ಮಾಸ್ತರನಿಗೆ ಎಣ್ಣೆಯ ಕೆಲಸ ಗೊತ್ತಿರಲಿಲ್ಲ ಎಂದು ಹಾದಿಮನಿ ಊರಿಗೆಲ್ಲ ಸಾರುವುದು ನನ್ನ ಕಣ್ಣಿಗೆ ಕಟ್ಟಿತು.

"ನೀ ಹೇಳಿದಷ್ಟಾ. ನಾಕು ಮುಚ್ಚಳ" ಎಂದೆ. ಸಾಲದೆಂಬಂತೆ, "ಬೋರ್ ಬಿಗಿಯಾಗಿತ್ತೇನು ನೋಡು" ಎಂದು ಸೇರಿಸಿದೆ.

ರಾಜೇಸಾಬ ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಬೆರಳನ್ನು ಅರಿವೆಗೆ ಒರೆಸಿಕೊಂಡ. "ಹಂಗಾರ ನನ್ನ ಕಡಿಂದನಾ ಏನರ ತಪ್ಪಾಗಿರಬೇಕ್ರಿ" ಎಂದು, ಸ್ಪಾನರ್ ಎತ್ತಿಕೊಂಡು ಕೆಲಸಕ್ಕೆ ಕೂತ. ಗಾಡಿಯನ್ನು ಮತ್ತೆ ಸರಿಮಾಡಿ ಕೊಟ್ಟ. ನಾನು ಅಂದಿನಿಂದ ತಪ್ಪದೆ ನಾಲ್ಕು ಮುಚ್ಚಳ ಹಾಕಿದೆ, ಹೊಗೆಯನ್ನೂ ಸಹಿಸಿದೆ. ಅಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಆಗಬೇಕಾದ್ದು ಆಗಿತ್ತು. ಹಾದಿಮನಿಯವರು ಹರಿದ ಪ್ಯಾಂಟಿನ ಕಥೆಯನ್ನು ಅಭಿನಯಿಸಿ ಹೇಳುತ್ತಿದ್ದರು, ಮಿಸ್ತ್ರಿಗೆ ಕೆಲಸ ಬರುವುದಿಲ್ಲ ಎಂದು ಮುಗಿಸುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಂದೊಂದಾಗಿ ಗಾಡಿಗಳು ಬೇರೆ ಕಡೆ ಹೋದವು. ಸಾಲೆಯವರು ಬಿಟ್ಟರೆಂದು ಊರಿನವರೂ ಬಿಟ್ಟರು. ಒಂದು ವರ್ಷ ತುಂಬುವುದರೊಳಗೆ ಶೆಡ್ಡಿಗೆ ಬೀಗ ಬಿತ್ತು. ಅವನು ಇಳಕಲ್ಲಿಗೆ ಹೋಗಿ ಯಾರದೋ ಗ್ಯಾರೇಜಿನಲ್ಲಿ ಸೇರಿಕೊಂಡನೆಂದು ಕೇಳಿದೆ. ಹೇಗಿದ್ದರೂ ಈ ಗಾಡಿಗಳ ಕಾಲ ಮುಗಿಯುತ್ತ ಬಂದಿತ್ತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನಗಳನ್ನು ಹುಡುಕುವುದರಲ್ಲಿ ನಾನು ಜಾಣ.

ಮಹಾಂತೇಶ ಬಿಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮತ್ತೆ ಮಿಸ್ತ್ರಿಯ ಮಾತು ತೆಗೆದ. "ಇಳಕಲ್ಲಿನ್ಯಾಗ ಒಬ್ಬಾಂವ ಇದ್ದ" ಎಂದೆ. ಮರುದಿನ ರಜೆ ಹಾಕಿ ಬಂದು, ನನ್ನನ್ನು ಹಿಂದೆ ಕೂಡಿಸಿಕೊಂಡು ಹೊರಟೇಬಿಟ್ಟ. ಇಳಕಲ್ಲಿನ ಸ್ಟ್ಯಾಂಡಿನ ಹತ್ತಿರ ನಾಲ್ಕು ಜನರನ್ನು ಕೇಳಿದೆವು. ನಾಲ್ವರೂ ಒಂದೇ ಓಣಿ ತೋರಿಸಿದರು.

ರಾಜೇಸಾಬನ ಗಡ್ಡ ಬೆಳ್ಳಗಾಗಿತ್ತು. ಗ್ಯಾರೇಜ್ ಈಗಲೂ ಅವನದಲ್ಲ. ಮಾಲೀಕರು ಅವನಿಗೊಂದು ಮೂಲೆ ಬಿಟ್ಟುಕೊಟ್ಟಿದ್ದರು. ಗಾಡಿಯ ಸದ್ದು ಕೇಳಿ ತಲೆ ಎತ್ತದೆಯೇ "ಪಾಯಿಂಟ್ ಸರಿ ಇಲ್ಲ" ಎಂದ. ಆಮೇಲೆ ನನ್ನನ್ನು ನೋಡಿ ಎದ್ದು ನಿಂತ. "ಸರ, ಬರ್ರಿ" ಎಂದು ಸ್ಟೂಲು ಒರೆಸಿ ಕೊಟ್ಟು ಚಹಾ ತರಿಸಿದ. ನನಗೆ ಕೂರಲಾಗಲಿಲ್ಲ. ಅಕ್ಕನ ಮಗ ಪಕ್ಕದಲ್ಲಿದ್ದಾನೆ, ಅವನೆದುರು ಮಾನ ಹೋಗುತ್ತದೆ ಎಂದು ಮನಸ್ಸು ಹಿಂಜರಿಯಿತು. ಮತ್ತೆ ಅದೇ ಹೆದರಿಕೆ ಎಂದು ತಿಳಿದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ರಾಜೇಸಾಬ, ಅವತ್ತ ನಾ ಒಂದಾ ಮುಚ್ಚಳ ಹಾಕತಿದ್ದೆ. ಸುಳ್ಳ ಹೇಳಿದೆ" ಎಂದೆ.

"ಗೊತ್ತಿತ್ರಿ ಸರ" ಎಂದ ಅವನು. ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಬೆರಳ ಹಾಕಿದ ಕೂಡ್ಲೆ ಗೊತ್ತಾತು."

"ಮತ್ತ್ಯಾಕ ಸುಮ್ಮನಿದ್ದಿ?"

"ನಿಂತಾವ್ರೆಲ್ಲಾ ನಿಮ್ಮವ್ರು. ನೀವು ವಿಜ್ಞಾನ ಮಾಸ್ತರು. ನನ್ನ ಮಾತ ಯಾರ ಕೇಳತಿದ್ರು? ಇವತ್ತ ಅಲ್ಲದಿದ್ರ ನಾಳೆ ನೀವಾ ಹೇಳ್ತೀರಿ ಅಂತ ಮಾಡಿದ್ದೆ. ಬಾಗಲಾ ತಗದು ಕುಂತಿದ್ದೆ ರೀ, ವರ್ಷ ತುಂಬಾಕ ಬಂದಿತ್ತು."

"ತಪ್ಪಾತಪಾ" ಎಂದೆ. ಅಷ್ಟು ಸಣ್ಣ ಮಾತಿಗೆ ಇಪ್ಪತ್ತೈದು ವರ್ಷ ಬೇಕಾಗಿತ್ತು.

"ನನಗ ಹೇಳಿ ಏನ್ ಮಾಡ್ತೀರಿ ಸರ. ನಾ ಮೊದಲಾ ಬಲ್ಲೆ" ಎಂದು ಅವನು ಮಹಾಂತೇಶನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಗೊತ್ತಿಲ್ಲದಾವ್ರಿಗೆ ಹೇಳ್ರಿ."

ಪಾಯಿಂಟ್ ಸರಿಮಾಡಿ ಕೊಟ್ಟ. ಬರುವಾಗ ಗಾಡಿ ಬಹಳ ಚೆನ್ನಾಗಿ ಓಡಿತು.

ಮನೆಗೆ ಬಂದು ಫೋನ್ ಹಿಡಿದು ಕೂತೆ. ಆಗಿನ ನಮ್ಮ ಹೆಡ್ ಮಾಸ್ತರರು ತೀರಿಕೊಂಡು ಆರು ವರ್ಷವಾಗಿದೆ. ಸಮಾಜ ವಿಜ್ಞಾನದ ಬಾಯಾರಿಗೆ ಯಾವ ಮಿಸ್ತ್ರಿ, ಯಾವ ಗಾಡಿ, ಒಂದೂ ನೆನಪಿರಲಿಲ್ಲ. ನಾನು ಹೊರಿಸಿದ ತಪ್ಪನ್ನು ಮೊದಲು ನೆನಪಿಸಿ, ಆಮೇಲೆ ಅದು ಸುಳ್ಳೆಂದು ಹೇಳಬೇಕಾಯಿತು. ಕೊನೆಗೆ ಹುನಗುಂದದಲ್ಲಿರುವ ಹಾದಿಮನಿಯವರಿಗೆ ಫೋನ್ ಮಾಡಿದೆ. ಅವರಿಗೆ ಎಲ್ಲ ನೆನಪಿತ್ತು.

"ನನ್ನ ಪ್ಯಾಂಟ ಹರದ ಮಿಸ್ತ್ರಿ ಅಲ್ಲೇನ್ರಿ? ಮರಿಯೂದೆಂಗ! ಮೊನ್ನೆ ಮೊಮ್ಮಕ್ಕಳ ಮುಂದನೂ ಹೇಳಿ ನಗಿಸಿದೆ" ಎಂದು ನಗತೊಡಗಿದರು.

ನಗು ಮುಗಿಯುವ ತನಕ ಕಾದೆ. ಆಮೇಲೆ ಹೇಳಿದೆ: ಹೊಗೆ, ಬಿಳಿ ಅಂಗಿ, ಮೂರು, ಎರಡು, ಒಂದು. 

"ಏನ್ರಿ ಇದು ಮಾಸ್ತರ" ಎಂದರು ಹಾದಿಮನಿ, ಆ ವಯಸ್ಸಾದ ದನಿಯಲ್ಲಿ. "ನಾ ಇಷ್ಟ ವರ್ಷ ಎಷ್ಟ ಮಂದಿ ಮುಂದ ಹೇಳೇನಿ ಗೊತ್ತೈತೇನ್ರಿ ನಿಮಗ?"

"ಯಾರ್ಯಾರ ಮುಂದ ಹೇಳೀರಿ, ಹೆಸರ ಹೇಳ್ರಿ ಸರ" ಎಂದೆ. "ಬರಕೋತೇನಿ."

ಅವರು ಹೇಳುತ್ತ ಹೋದರು. ಕಾಗದದ ಒಂದು ಮಗ್ಗುಲು ತುಂಬಿತು, ತಿರುವಿ ಹಾಕಿ ಬರೆದೆ.